ತಾರಸಿ ಕುಂಡ, ಸೊಪ್ಪಿನ ಗಾಡಿ, ಹಾಪ್‌ಕಾಮ್ಸ್, ಆ್ಯಪ್: ಯಾವುದಕ್ಕೆ ಯಾವುದು?

ಬೆಂಗಳೂರಿನಲ್ಲಿ ತಾಜಾ ಸೊಪ್ಪು ತರಕಾರಿಗೆ ತಾರಸಿಯ ಕುಂಡ, ಬೀದಿಯ ಸೊಪ್ಪಿನ ಗಾಡಿ, ರೈತರ ಸಹಕಾರ ಸಂಸ್ಥೆಯ ಮಳಿಗೆಯಾದ ಹಾಪ್‌ಕಾಮ್ಸ್, ಮನೆಗೇ ತರಿಸುವ ಆ್ಯಪ್ ಈ ನಾಲ್ಕನ್ನೂ ನಾನು ನೆಚ್ಚಿ ನೋಡಿದ್ದೇನೆ. ಎಲ್ಲಕ್ಕೂ ಒಂದೇ ದಾರಿ ಸಾಲದು. ಬೇಗ ಬಾಡುವುದನ್ನು ಮನೆಯಲ್ಲೇ ಬೆಳೆಯಬೇಕು, ಉಳಿದದ್ದನ್ನು ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ತಾರಸಿಯಲ್ಲಿ ಗೆಲ್ಲುವುದು ಸೊಪ್ಪು. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಅಗಲವಾದ ಟ್ರೇನಲ್ಲಿ ಉದುರಿಸಿದರೆ ತಿಂಗಳೊಳಗೆ ಕೊಯ್ಲು. ಕೊತ್ತಂಬರಿ ಸ್ವಲ್ಪ ನಿಧಾನ. ಕಾಳನ್ನು ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿದರೂ ಮೊಳಕೆಗೆ 8–10 ದಿನ ಬೇಕು. ಬಸಳೆಗೆ ಬೀಜವೂ ಬೇಡ, ಅಡುಗೆಗೆ ತಂದ ಕಟ್ಟಿನ ದಪ್ಪ ಕಡ್ಡಿಯನ್ನೇ ನೆಟ್ಟರೆ ಚಿಗುರುತ್ತದೆ. ಹರಿವೆಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ತಳಿ ನನಗೆ ತುಂಬಾ ಹಿಡಿಸಿತು. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಸಾರು ಕುದಿಯುವಾಗ ಮೇಲೆ ಹೋಗಿ ಕೊತ್ತಂಬರಿ ಕಿತ್ತು ತಂದು ಹೆಚ್ಚಿ ನೋಡಿ. ಆ ಘಮ ಫ್ರಿಜ್ಜಿನಲ್ಲಿಟ್ಟ ಕಟ್ಟಿಗೆ ಇರುವುದೇ ಇಲ್ಲ.

ತರಕಾರಿಯ ಲೆಕ್ಕ ಬೇರೆ. ಬೆಂಡೆಯನ್ನೇ ತಗೊಳ್ಳಿ. 'ಅರ್ಕಾ ಅನಾಮಿಕ' ಹಳದಿ ನರ ರೋಗವನ್ನು ತಡೆಯಲೆಂದೇ ರೂಪಿಸಿದ ತಳಿ, ಕಾಯಿಯೂ ಚೆಂದ. ಆದರೆ ನಾಲ್ಕೈದು ಗಿಡದಲ್ಲಿ ಒಂದು ದಿನಕ್ಕೆ ಸಿಗುವುದು ಎರಡೋ ಮೂರೋ ಕಾಯಿ. ಪಲ್ಯಕ್ಕಾಗುವಷ್ಟು ಸೇರಲಿ ಎಂದು ಗಿಡದಲ್ಲೇ ಬಿಟ್ಟರೆ ಮೊದಲಿನವು ಬಲಿತು ನಾರಾಗುತ್ತವೆ. ಟೊಮೆಟೊಗೆ ಗೊಬ್ಬರ, ಊರುಗೋಲು, ಬಿಳಿ ಹಿಟ್ಟಿನಂಥ ತಿಗಣೆಗೆ ಬೇವಿನೆಣ್ಣೆ ಎಲ್ಲಾ ಆಗಬೇಕು. ಸಿಕ್ಕಿದ ಹಣ್ಣು ಕೆಲವು ದಿನದ ಸಾರಿಗೆ ಆಯಿತು, ಅಷ್ಟೇ. ಜಾಗ ಕಡಿಮೆ ಇದ್ದರೆ ಬೆಂಡೆ, ಟೊಮೆಟೊ ಬೆಳೆಯುವ ಚೀಲಗಳಲ್ಲಿ ಹರಿವೆ ಹಾಕುವುದೇ ಲಾಭ.

ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಆಗ ನಮ್ಮ ಟ್ರೇಗಳು ಉಳಿದದ್ದು ಅಕ್ಕಿ, ಬೇಳೆ ತೊಳೆದ ನೀರಿನಲ್ಲಿ.

ಮಸ್ಸೊಪ್ಪು, ಬಸ್ಸಾರು ಮಾಡುವ ದಿನ ಮಾತ್ರ ಗಾಡಿಯೇ ಬೇಕು. ರಾಶಿ ಸೊಪ್ಪು ಬೇಯಿಸಿದರೆ ಹಿಡಿಯಷ್ಟಾಗುತ್ತದೆ, ನಮ್ಮ ಟ್ರೇಗಳಿಗೆ ಅದು ಪೂರೈಸುವುದಿಲ್ಲ. ಸಬ್ಬಸಿಗೆ, ಚಕೋತ, ಹೊನಗೊನ್ನೆ ಒಟ್ಟಿಗೆ ಸಿಗುವುದೂ ಅಲ್ಲೇ. "ಅಕ್ಕ, ಇವತ್ತು ಯಾವುದು ಎಳೇದು?" ಎಂದು ಕೇಳಿದರೆ ಅವರೇ ಆರಿಸಿ ಕೊಡುತ್ತಾರೆ. ನನಗಿರುವ ಒಂದೇ ಆತಂಕ ನೀರಿನದು. ನಗರದ ಕೊಳಚೆ ಸೇರುವ ವೃಷಭಾವತಿ ನದಿಯ ನೀರಲ್ಲಿ ಬೆಳೆಯುವ ಸೊಪ್ಪಿನ ವಿಷಯ ನಮಗೆಲ್ಲ ಗೊತ್ತಿರುವುದೇ ಅಲ್ವಾ? ತೊಳೆದರೆ ಮಣ್ಣು ಹೋಗುತ್ತದೆ, ಸೊಪ್ಪು ಕುಡಿದ ನೀರು ಹೋಗುವುದಿಲ್ಲ. ಅದಕ್ಕೇ ಯಾವ ಊರಿನ ಸೊಪ್ಪು ಎಂದು ಕೇಳಿಯೇ ಕೊಳ್ಳುತ್ತೇನೆ.

ಬೀನ್ಸ್, ಕ್ಯಾರೆಟ್, ಬೀಟ್‌ರೂಟ್, ಹಣ್ಣಿಗೆ ಹಾಪ್‌ಕಾಮ್ಸ್. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ಬೆಲೆ ಹಲಗೆ ಮೇಲೆ ಬರೆದಿರುತ್ತದೆ, ಚೌಕಾಸಿಯ ತಲೆನೋವಿಲ್ಲ, ದುಡ್ಡು ರೈತರ ಸಂಸ್ಥೆಗೆ ಹೋಗುತ್ತದೆ ಅನ್ನುವ ಸಮಾಧಾನವೂ ಇದೆ. ಸೊಪ್ಪು ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಬಾಡಿರುತ್ತದೆ.

ಆ್ಯಪ್ ಆಲೂಗಡ್ಡೆ, ಈರುಳ್ಳಿಗೆ ಸಾಕು. ಬೆಂಡೆಯ ತುದಿ ಮುರಿದು ನೋಡಲಾಗದ ಕಡೆ ಬೆಂಡೆ ಕೊಳ್ಳಲು ನನಗೆ ಮನಸ್ಸಿಲ್ಲ. ಚಳಿಗಾಲದ ಅವರೆಕಾಯಿಯಂತೂ ಕೈಯಲ್ಲಿ ಹಿಡಿದು ಸೊಗಡು ನೋಡದೆ ಕೊಳ್ಳುವುದೇ ಇಲ್ಲ.

ಹೊಸದಾಗಿ ಶುರು ಮಾಡುವವರು ಎರಡು ಟ್ರೇ ಮೆಂತ್ಯದಿಂದ ಶುರು ಮಾಡಿ. ಎರಡನ್ನೂ ಒಂದೇ ದಿನ ಬಿತ್ತಬೇಡಿ, ಹತ್ತು ದಿನ ಅಂತರ ಕೊಡಿ. ಒಂದು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಕೊಯ್ಲಿಗೆ ಬರುತ್ತದೆ.