ವಿಂಡೋಸ್ 10ರಲ್ಲೇ ಇರೋದಾ, 11ಕ್ಕೆ ಹೋಗೋದಾ?

ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಕಂಪ್ಯೂಟರ್ ಎಂದಿನಂತೆ ಓಡುತ್ತದೆ. ಆದರೆ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆಯಾಗಿ ನೋಂದಾಯಿಸಬೇಕು. ಹಾಗೆ ಮಾಡಿದರೂ ಅದು ತಾತ್ಕಾಲಿಕ ಏರ್ಪಾಡು ಅಷ್ಟೇ.

ಅಸಲಿ 10 ಇದ್ದವರಿಗೆ 11 ಉಚಿತ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಎನ್ನುತ್ತದೆ ಕಂಪನಿ. 4 ಜಿಬಿಯಲ್ಲಿ ನಾಲ್ಕು ಟ್ಯಾಬ್ ತೆರೆದರೆ ತೆವಳುತ್ತದೆ, 8 ಇದ್ದರೇ ವಾಸಿ. ನಿಜವಾದ ತಡೆ ಪ್ರೊಸೆಸರ್ ಮತ್ತು ಟಿಪಿಎಂ 2.0, ಅಂದರೆ ಸೆಕ್ಯುರಿಟಿ ಕೀಲಿಗಳನ್ನು ಕಾಯುವ ಭಾಗ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಟಿಪಿಎಂ ಇಲ್ಲ ಎಂದು ತೋರಿಸಿದ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಸಲ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರು ಹುಡುಕಿ, ಆನ್ ಮಾಡಿ.

ಮೆಷಿನ್ ಪಾಸಾಯಿತಾ? ಫೋಟೋ, ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಂಡು 11ಕ್ಕೆ ಹೋಗಿ. ಹಳೆ ಪ್ರಿಂಟರ್‌ಗೆ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿ.

ಪಾಸಾಗಲಿಲ್ಲ, ಕೆಲಸ ಬರೀ ಬ್ರೌಸರ್‌ನಲ್ಲೇ ಅಂದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಿಲ್ಲ. ದಿನವೂ ಕನ್ನಡ ಟೈಪಿಂಗ್‌ಗೆ ನುಡಿ, ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಿಗೆ ಮಾತ್ರ ಇದು ಒಗ್ಗುವುದಿಲ್ಲ. ಅವೆರಡೂ ವಿಂಡೋಸ್‌ಗೆಂದೇ ಮಾಡಿದವು.