ಹಳೆ ಮ್ಯಾಸ್ಸಿಯ ಮುಂದಿನ ಗಾಲಿಗೆ ಎಸ್‌ಕೆಎಫ್ ಬೇರಿಂಗ್: ಮೂರು ಹಂಗಾಮಿನ ಬಳಕೆ

ಪುಣೆ ಹತ್ತಿರ ಉರುಳಿ ಕಾಂಚನದಲ್ಲಿ ನಮ್ಮದು ಕಬ್ಬಿನ ಹೊಲ. ಟ್ರ್ಯಾಕ್ಟರ್ ಹಳೆಯ ಮ್ಯಾಸ್ಸಿ 1035. ಮುಂದಿನ ಎರಡೂ ಗಾಲಿಗೆ ಎಸ್‌ಕೆಎಫ್ ಕಂಪನಿಯ ಟೇಪರ್ ರೋಲರ್ ಬೇರಿಂಗ್ (ಓರೆ ರೋಲರ್‌ಗಳಿರುವ ಬೇರಿಂಗ್) ಹಾಕಿಸಿ ಮೂರು ಹಂಗಾಮು ಕಳೆದಿವೆ.

ಅದಕ್ಕೂ ಮೊದಲು ಡಾಂಬರು ರಸ್ತೆಗೆ ಬಂದರೆ ಸ್ಟೇರಿಂಗ್ ನಡುಗುತ್ತಿತ್ತು, ಎಡಗಾಲಿ ಗುರ್ ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ರೋಲರ್ ಇರುವ ಕೋನ್ ಮಾತ್ರ ಬದಲಿಸಿದರು. ಗಾಲಿಯ ನಡುವಿನ ಹಬ್‌ನೊಳಗೆ ಕೂತಿರುವ ಹಳೆ ಕಪ್, ಅಂದರೆ ರೋಲರ್ ಉರುಳುವ ಹೊರಬಳೆ, ಹಾಗೇ ಉಳಿಯಿತು. ಸವೆದ ಕಪ್ ಮೇಲೆ ಹೊಸ ರೋಲರ್ ಉರುಳಿದರೆ ಅದೂ ಹಾಳಾಗುತ್ತದೆ, ಅಲ್ವಾ? ನಾಲ್ಕೇ ತಿಂಗಳಿಗೆ ಮತ್ತೆ ಅದೇ ಸದ್ದು.

ಆಮೇಲೆ ಹಡಪಸರದಲ್ಲಿರುವ ಕಲಬುರಗಿ ಕಡೆಯ ಫಿಟ್ಟರ್ ಹುಡುಗನನ್ನು ಕರೆಸಿದೆ. "ಕಾಕಾ, ಬಿಚ್ಚೋಕೆ ಮೊದಲು ಜಾಕ್ ಹಾಕಿ ನೋಡೋಣ ರೀ" ಅಂದ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಅಂತು. ಹಬ್ ಮಾತ್ರ ಅಲ್ಲಾಡಿದರೆ ಬೇರಿಂಗ್, ಅದು ಕೂತಿರುವ ಸ್ಪಿಂಡಲ್ಲೂ ಜೊತೆಗೆ ಅಲ್ಲಾಡಿದರೆ ಕಿಂಗ್‌ಪಿನ್ ಬುಷ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಪಿನ್ನಿನ ಬುಷ್, ಸವೆದಿದೆ ಅಂತ. ನಮ್ಮದರಲ್ಲಿ ಹಬ್ ಮಾತ್ರ.

ಬಿಚ್ಚಿದಾಗ ಗ್ರೀಸ್ ಮಜ್ಜಿಗೆಯ ಹಾಗೆ ಬಿಳಿಚಿತ್ತು. ಆಯಿಲ್ ಸೀಲಿನ ತುಟಿ ಹರಿದು, ಕಬ್ಬಿಗೆ ಹಾಯಿಸಿದ ನೀರು, ಕೆಸರು ಒಳಗೆ ಹೋಗಿತ್ತು. ಕಪ್ ತುಂಬ ತುಕ್ಕಿನ ಸಣ್ಣ ಸಣ್ಣ ಗುಳಿ. ಬೇರಿಂಗ್ ಕೊಂದದ್ದು ಆ ಚಿಕ್ಕ ಸೀಲು.

ಹೊಸದನ್ನು ತರಲು ಪುಣೆಯ ಬಿಡಿಭಾಗಗಳ ಮಾರುಕಟ್ಟೆ ನಾನಾ ಪೇಟೆಗೆ ಹೋದೆ. ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಅದರ ಮೇಲೆ ಕೆತ್ತಿದ ನಂಬರ್ ತೋರಿಸಿದರೆ ಸಾಕು. ಒಂದೊಂದು ಗಾಲಿಗೂ ಎರಡು ಬೇರಿಂಗ್, ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು, ಹಾಗಾಗಿ ಒಂದು ಗಾಲಿಗೆ ಎರಡು ನಂಬರ್. ಎಸ್‌ಕೆಎಫ್ ಕಾರ್ಖಾನೆ ಇಲ್ಲೇ ಚಿಂಚವಡದಲ್ಲಿದೆ. ಆದರೂ ನಕಲಿ ಮಾಲಿನ ಭಯ ಇದ್ದೇ ಇದೆ. ಡಬ್ಬಿಯ ಫೋಟೊ ಕಳಿಸಿ ವಿಚಾರಿಸಲು ಕಂಪನಿಯದೇ ಆ್ಯಪ್ ಇದೆ, ನಾನು ಅದನ್ನೇ ಬಳಸಿದೆ. ಬೆಲೆ ಜಾಸ್ತಿ, ನಿಜ.

ಕೂರಿಸುವಾಗ ಹುಡುಗ ಅವಸರ ಮಾಡಲಿಲ್ಲ. ಕಪ್ಪುಗಳನ್ನೂ ಬದಲಿಸಿದ. ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್ ಸಂದುಗಳಿಗೆ ಒತ್ತಿ ಒತ್ತಿ ತುಂಬಿದ. ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಗಾಲಿ ತಿರುಗಿಸಲು ಭಾರವಾದ ಮೇಲೆ ಸ್ವಲ್ಪ ಸಡಿಲಿಸಿ, ನಟ್ ಕದಲದಂತೆ ಸ್ಪ್ಲಿಟ್ ಪಿನ್ ಹಾಕಿದ. ಜಾಸ್ತಿ ಬಿಗಿ ಮಾಡಿದರೆ ಬೇರಿಂಗ್ ಕಾದು ಸುಡುತ್ತದೆ. ಟ್ರ್ಯಾಕ್ಟರ್ ಸ್ವಲ್ಪ ದೂರ ಓಡಿಸಿ ಬಂದು ಹಬ್ ಮುಟ್ಟಿ ನೋಡಿದೆವು, ಬರೀ ಬೆಚ್ಚಗಿತ್ತು.

ಮೊದಲ ಹಂಗಾಮು ಮುಗಿದಾಗ ಒಮ್ಮೆ ನಟ್ ಸರಿ ಮಾಡಿಸಿದೆ. ಬಲಗಾಲಿ ಇವತ್ತಿಗೂ ತಕರಾರು ಮಾಡಿಲ್ಲ. ಎಡಗಡೆ ಕಳೆದ ಮಳೆಗಾಲದಲ್ಲಿ ಸೀಲ್ ಮತ್ತೆ ಜಿನುಗಿತು. ಈ ಸಲ ಬೇಗ ಗೊತ್ತಾಗಿ ಅವತ್ತೇ ಬಿಚ್ಚಿಸಿದೆ. ಡೀಸೆಲ್‌ನಲ್ಲಿ ತೊಳೆದು ನೋಡಿದರೆ ರೋಲರ್ ಮೇಲೆ ಒಂದು ಗೀರೂ ಇರಲಿಲ್ಲ. ಸೀಲ್ ಮಾತ್ರ ಹೊಸದು ಹಾಕಿ, ಅದೇ ಬೇರಿಂಗ್ ಗ್ರೀಸ್ ತುಂಬಿ ಕೂರಿಸಿದೆವು. ಈಗಲೂ ಅದೇ ಓಡುತ್ತಿದೆ.