ಗೀತಾ ಚಾಟ್‌ಬಾಟ್‌ಗಳು: ಶ್ಲೋಕಕ್ಕೆ ಸೈ, ಧರ್ಮಸಂಕಟಕ್ಕೆ ಸಾಲವು

2023ರ ಆರಂಭದಲ್ಲಿ ಬೆಂಗಳೂರಿನ ಎಂಜಿನಿಯರ್ ಒಬ್ಬರು ರೂಪಿಸಿದ, ಭಗವದ್ಗೀತೆಯ ಆಧಾರದಲ್ಲಿ ಪ್ರಶ್ನೆಗಳಿಗೆ ಉತ್ತರಿಸುವ ಗೀತಾಜಿಪಿಟಿ ಎಂಬ ಚಾಟ್‌ಬಾಟ್ ಸುದ್ದಿಯಾಯಿತು. ಅಂಥವೇ ಇನ್ನೂ ಹಲವು ಬಂದವು. ಮನಸ್ಸು ಕುಗ್ಗಿದಾಗ ಒಂದೆರಡು ಶ್ಲೋಕ ಹುಡುಕಿಕೊಡಲು ಇವು ಸಾಕು.

ಧರ್ಮಕ್ಕಾಗಿ ಕೊಲ್ಲಬಹುದೇ ಎಂಬ ಪ್ರಶ್ನೆಗೆ ಕೆಲವು ಬಾಟ್‌ಗಳು ಹೌದೆಂದದ್ದು ಅದೇ ವರ್ಷ ವರದಿಯಾಗಿತ್ತು. ಇದು ಗಂಭೀರ ದೋಷ. ಇಂಥ ಯಂತ್ರ ಹಲವು ಬಾರಿ ಪ್ರಶ್ನೆಗೆ ಹತ್ತಿರವೆನಿಸುವ ಶ್ಲೋಕವನ್ನು ಎತ್ತಿಕೊಳ್ಳುತ್ತದೆ, ಸಂದರ್ಭವನ್ನಲ್ಲ. ‘ಕೊಲ್ಲು’ ಎಂದೊಡನೆ 2.19, 2.20 (ಎರಡನೇ ಅಧ್ಯಾಯದ 19, 20ನೇ ಶ್ಲೋಕಗಳು) ಎದುರಾಗುವುದು ಸಹಜ. ಅವು ಆತ್ಮಕ್ಕೆ ಅಳಿವಿಲ್ಲವೆಂಬ ಮಾತು, ಕೊಲೆಗೆ ಪರವಾನಗಿಯಲ್ಲ.

ಹಾಗಾಗಿ ಬಾಟ್ ಅನ್ನು ನಂಬುವ ಮುನ್ನ ಪರೀಕ್ಷಿಸಿ. ಮೊದಲು ಅದು ಕೊಟ್ಟ ಶ್ಲೋಕಸಂಖ್ಯೆಯನ್ನು ಮುದ್ರಿತ ಗೀತೆಯೊಂದಿಗೆ ತಾಳೆ ನೋಡಿ. 12ನೇ ಅಧ್ಯಾಯದಲ್ಲಿರುವುದು 20 ಶ್ಲೋಕ, ಬಾಟ್ 12.24 ಎಂದರೆ ಅದು ಕಟ್ಟುಕತೆ. ಆಮೇಲೆ ಆಸ್ತಿ ಜಗಳವೊಂದನ್ನು ಅಣ್ಣನಾಗಿ ಒಮ್ಮೆ, ಹೊಸ ಚಾಟ್‌ನಲ್ಲಿ ತಮ್ಮನಾಗಿ ಒಮ್ಮೆ ಕೇಳಿ. ಇಬ್ಬರಿಗೂ ‘ನಿನ್ನದೇ ಧರ್ಮ’ ಎಂದರೆ ಅದು ಬರೀ ಮುಖಸ್ತುತಿ.

18.63ರಲ್ಲಿ ಕೃಷ್ಣ ಎಲ್ಲವನ್ನೂ ಹೇಳಿ, ‘ಯಥೇಚ್ಛಸಿ ತಥಾ ಕುರು’ ಎಂದು ನಿರ್ಧಾರವನ್ನು ಅರ್ಜುನನಿಗೇ ಬಿಡುತ್ತಾನೆ. ಹಾಗೆ ಬಿಡುವ ಬಾಟ್ ಮಾತ್ರ ಬಳಕೆಗೆ ಯೋಗ್ಯ. ಹಿತವೆನಿಸಿದ ಉತ್ತರಕ್ಕೆಲ್ಲ ಮೆಚ್ಚುಗೆಯ ಗುಂಡಿ ಒತ್ತಬೇಡಿ. ಆ ಮೆಚ್ಚುಗೆಗಳನ್ನು ಬಳಸಿ ಬಾಟ್‌ನ ಹಿಂದಿರುವ ಎಐ ಮಾದರಿಯನ್ನು ತಿದ್ದುವ ಕಡೆ, ಅದು ನಮ್ಮಿಂದಲೇ ಓಲೈಕೆ ಕಲಿಯುತ್ತದೆ.